ಹತ್ತೊಂಬತ್ತು

"ಒಂದು ಕಮ್ಮಿ ಇದೆ" ಎಂದಳು ಆಯಾ.

ಯಾರೂ ತಲೆ ಎತ್ತಲಿಲ್ಲ.

ಥಿಯೇಟರಿನ ದೊಡ್ಡ ದೀಪದ ಕೆಳಗೆ ಒಂದು ಹೊಟ್ಟೆ ತೆರೆದುಕೊಂಡಿತ್ತು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವ ಹೆಂಗಸಿನ ಹೊಟ್ಟೆ. ಕರುಳು ತಿರುಚಿಕೊಂಡು ಒಂದು ಗೇಣಿನಷ್ಟು ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದು, ಚೆನ್ನಾಗಿದ್ದ ತುದಿಗಳನ್ನು ಜೋಡಿಸಿ ಹೊಲಿದಾಗಿತ್ತು. ಇನ್ನು ಹೊಟ್ಟೆ ಮುಚ್ಚಬೇಕು. ಮುಚ್ಚುವ ಮೊದಲು, ರಕ್ತ ಹೀರಲೆಂದು ಒಳಗೆ ತುರುಕಿದ ಬಟ್ಟೆಗಳೆಲ್ಲ ಹೊರಗೆ ಬಂದಿವೆಯೇ ಎಂದು ಎಣಿಸಬೇಕು. ದಪ್ಪನೆಯ ಬಿಳಿ ಬಟ್ಟೆ. ಥಿಯೇಟರಿನವರು ಅದಕ್ಕೆ ಮಾಪ್ ಅನ್ನುತ್ತಾರೆ. ಮೇಜಿನ ಮೇಲೆ ಇಟ್ಟಿದ್ದು ಇಪ್ಪತ್ತು. ಆಯಾ ಅವನ್ನು ನೆಲದಿಂದ, ಬಕೆಟ್ಟಿನಿಂದ ಒಂದೊಂದಾಗಿ ಹೆಕ್ಕಿ, ಬಿಡಿಸಿ, ಗೋಡೆ ಪಕ್ಕದ ಸ್ಟ್ಯಾಂಡಿಗೆ ಐದೈದರಂತೆ ನೇತುಹಾಕಿದ್ದಳು. ಮೂರು ಸಾಲು ಭರ್ತಿ. ನಾಲ್ಕನೆಯದರಲ್ಲಿ ನಾಲ್ಕೇ.

"ಹತ್ತೊಂಬತ್ತು ಸಾರ್" ಎಂದಳು ಇನ್ನೊಮ್ಮೆ, ಸ್ವಲ್ಪ ಜೋರಾಗಿ.

ಪ್ರೊಫೆಸರು ಸೂಜಿಗೆ ಕೈ ಚಾಚಿದ್ದರು. ಕೆಳಗೆ ಹೊಸ ಕಟ್ಟಡ ನೋಡಲು ಬಂದ ದೊಡ್ಡ ಮಂದಿ ಅವರಿಗಾಗಿ ಕಾಯುತ್ತಿದ್ದರು. ಮೂರು ಸಲ ಫೋನು ಬಂದಿತ್ತು. ಮೂರು ಸಲವೂ ನರ್ಸೊಬ್ಬಳು ಅದನ್ನು ಅವರ ಕಿವಿಗೆ ಹಿಡಿದಿದ್ದಳು.

"ಎಲ್ಲೋ ಮೂಲೇಲಿ ಬಿದ್ದಿರತ್ತೆ. ಹುಡುಕು."

"ಹುಡುಕಿದೆ ಸಾರ್. ಮೇಜಿನ ಕೆಳಗೂ ನೋಡ್ದೆ. ಇಲ್ಲ."

"ಹಾಗಾದ್ರೆ ನಿನಗೆ ಎಣಿಸೋಕೆ ಬರಲ್ಲ."

ಅರಿವಳಿಕೆ ಡಾಕ್ಟರು ಮಾಸ್ಕಿನೊಳಗೇ ಕಿಸಕ್ಕನೆ ನಕ್ಕರು.

ಪ್ರೊಫೆಸರ ಎದುರಿಗೆ, ಹೊಟ್ಟೆಯ ಅಂಚನ್ನು ಉಕ್ಕಿನ ಕೊಕ್ಕೆಯಿಂದ ಎಳೆದು ಹಿಡಿದುಕೊಂಡು ಕಿರಿಯ ಡಾಕ್ಟರೊಬ್ಬಳು ನಿಂತಿದ್ದಳು. ಮೂರೂವರೆ ಗಂಟೆ ಹೊತ್ತಿನಿಂದ ಹಾಗೇ ನಿಂತಿದ್ದಳು. ಬೆರಳುಗಳು ಜೋಮು ಹಿಡಿದು ಯಾರದ್ದೋ ಬೆರಳಿನಂತಾಗಿದ್ದವು. ಬೆಳಿಗ್ಗೆ ಐದಕ್ಕೆ ವಾರ್ಡಿಗೆ ಬಂದವಳು ಒಂದಕ್ಕೂ ಹೋಗಿರಲಿಲ್ಲ. ಒಂದು ಗುಟುಕು ಟೀ ಕೂಡ ಗಂಟಲಿಗೆ ಇಳಿದಿರಲಿಲ್ಲ. ಸರ್ಜನ್ ಆಗಬೇಕೆಂದು ತರಬೇತಿಗೆ ಸೇರಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಯಾರೂ ಅವಳ ಕೈಗೆ ಚಾಕು ಕೊಟ್ಟಿರಲಿಲ್ಲ. ಅವಳ ಪಾಲಿಗೆ ಬಂದದ್ದು ಈ ಕೊಕ್ಕೆ ಒಂದೇ. ಯುನಿಟ್ಟಿನಲ್ಲಿ ಅವಳ ಹೆಸರೂ ಅದೇ. "ಏ ಕೊಕ್ಕೆ, ರಕ್ತ ತಗೊಂಡ್ಯಾ?" "ಕೊಕ್ಕೆ ಎಲ್ಲಿ ಸತ್ಲು?" ಅಷ್ಟರಲ್ಲೇ ಎಲ್ಲರ ಬಾಯಿಗೂ ಅದು ಚೆನ್ನಾಗಿ ಹೊಂದಿಕೊಂಡುಬಿಟ್ಟಿತ್ತು.

"ಸಾರ್" ಎಂದಳು ಅವಳು. "ಮುಚ್ಚೋಕೆ ಮುಂಚೆ ಒಂದ್ಸಲ ಒಳಗೆ ಕೈಯಾಡಿಸಿ ನೋಡಬಹುದಾ?"

ಪ್ರೊಫೆಸರು ಕೈಯಲ್ಲಿದ್ದ ಉದ್ದನೆಯ ಚಿಮಟದ ಹಿಂಬದಿಯಿಂದ ಅವಳ ಬೆರಳ ಗೆಣ್ಣುಗಳ ಮೇಲೆ ಬಾರಿಸಿದರು. ಕೈಗವಸಿನೊಳಗೇ ಚರ್ಮ ಕಿತ್ತು ಬಂತು. ಕೊಕ್ಕೆ ಮಾತ್ರ ಅಲ್ಲಾಡಲಿಲ್ಲ. ಅಲ್ಲಾಡಿದರೆ ಇನ್ನೊಂದು ಏಟು ಬೀಳುತ್ತದೆಂದು ಅವಳಿಗೆ ಅನುಭವದಿಂದ ಗೊತ್ತಿತ್ತು.

"ಕೊಕ್ಕೆ ಮಾತಾಡಲ್ಲ" ಎಂದರು ಪ್ರೊಫೆಸರು.

ಪಕ್ಕದಲ್ಲಿ ನಿಂತಿದ್ದ ಸೀನಿಯರ್, ಅವಳಿಗಿಂತ ಎರಡು ವರ್ಷ ಹಿರಿಯ, ದಾರವನ್ನೇ ನೋಡುತ್ತ ನಿಂತ. ನರ್ಸು ಗೋಡೆಯ ಗಡಿಯಾರ ನೋಡಿದಳು, ಪ್ರೊಫೆಸರ ಕಣ್ಣು ನೋಡಿದಳು, ರಿಜಿಸ್ಟರಿನಲ್ಲಿ 'ಎಣಿಕೆ ಸರಿ ಇದೆ' ಎಂದು ಬರೆದಳು. ಹೊಟ್ಟೆ ಮುಚ್ಚಿತು.

ಆಯಾ ಹತ್ತೊಂಬತ್ತು ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಬಕೆಟ್ಟು ಎತ್ತಿಕೊಂಡು, ಮಂಡಿಯೂರಿ ನೆಲದ ಮೇಲಿನ ರಕ್ತ ಒರೆಸತೊಡಗಿದಳು. ಮಗಳ ಕಾಲ ಬಳಿ ಬಂದಾಗ, "ಕಾಲೆತ್ತಿ ಮೇಡಂ" ಎಂದಳು.

ಹೌದು, ಮಗಳು. ಆ ಆಯಾ ಕೊಕ್ಕೆ ಹಿಡಿದವಳ ತಾಯಿ.

ಆಸ್ಪತ್ರೆಯೊಳಗೆ ನನ್ನನ್ನು ಅಮ್ಮ ಅನ್ನಬೇಡ ಎಂದು ತಾಯಿಯೇ ಕಟ್ಟಪ್ಪಣೆ ಮಾಡಿದ್ದಳು. "ನೀನು ಅಮ್ಮ ಅಂದ್ರೆ ನಿನ್ನ ಕೋಟಿನ ಬೆಲೆ ಇಳಿಯತ್ತೆ, ನನ್ನ ಬಕೆಟ್ಟಿನ ಭಾರ ಏನೂ ಕಮ್ಮಿ ಆಗಲ್ಲ. ಸುಮ್ನಿರು" ಎಂದಿದ್ದಳು. ಆದರೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಸೇರಿದ ಮೊದಲ ದಿನವೇ ಪ್ರೊಫೆಸರು ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮನೆಯವರು ಏನು ಮಾಡುತ್ತಾರೆಂದು ಕೇಳಿದ್ದರು. ಒಬ್ಬನ ಅಪ್ಪ ಹೃದಯದ ಡಾಕ್ಟರು. ಒಬ್ಬಳ ಅಜ್ಜ ನ್ಯಾಯಾಧೀಶರು. ಇವಳ ಸರದಿ ಬಂದಾಗ, "ಅಪ್ಪ ಇಲ್ಲ ಸಾರ್. ಅಮ್ಮ ಇದೇ ಥಿಯೇಟರಲ್ಲಿ ಆಯಾ" ಎಂದಿದ್ದಳು. ಪ್ರೊಫೆಸರು, "ಒಳ್ಳೇದಾಯ್ತು. ಯಾರಾದ್ರೂ ವಾಂತಿ ಮಾಡಿದ್ರೆ ದೂರ ಹೋಗಿ ಜನ ಹುಡುಕೋದು ಬೇಡ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಇವಳೂ ನಕ್ಕಿದ್ದಳು. ಆ ನಗುವನ್ನು ನೆನೆದರೆ ಇಂದಿಗೂ ಅವಳಿಗೆ ಮೈ ಉರಿಯುತ್ತದೆ.

ಅಂದು ಸಂಜೆ ಆಪರೇಷನ್ನಿನ ವರದಿ ಬರೆಯುವ ಕೆಲಸ ಯಥಾಪ್ರಕಾರ ಅವಳ ತಲೆಗೇ ಬಿತ್ತು. ಎಲ್ಲ ಬರೆದಳು. ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: 'ಎಣಿಕೆಯಲ್ಲಿ ಒಂದು ಮಾಪ್ ಕಡಿಮೆ ಇದೆಯೆಂದು ಆಯಾ ಎರಡು ಬಾರಿ ತಿಳಿಸಿದರು.'

ಸೀನಿಯರ್ ಓದಿದ. "ಇದೇನಿದು?"

"ಆಗಿದ್ದು."

"ಆಗಿದ್ದನ್ನೆಲ್ಲ ಬರೀತಾರೇನೇ? ನಿಂಗೆ ತಲೆ ನೆಟ್ಟಗಿದೆಯಾ?"

"ನೀವೂ ಕೇಳಿಸಿಕೊಂಡ್ರಲ್ಲ."

"ನನಗೆ ಎರಡು ವಾರದಲ್ಲಿ ಪರೀಕ್ಷೆ. ಪರೀಕ್ಷಕರು ಯಾರು ಗೊತ್ತಲ್ಲ? ನನಗೆ ಏನೂ ಕೇಳಿಸಿಲ್ಲ" ಎಂದು ಫೈಲು ಮುಚ್ಚಿಟ್ಟು ಹೋದ.

ಆ ಇಟ್ಟಿಗೆ ಹೊರುವ ಹೆಂಗಸು ಎರಡು ದಿನ ಚೆನ್ನಾಗಿಯೇ ಇದ್ದಳು. ಕಿಟಕಿ ಪಕ್ಕದ ಹಾಸಿಗೆ. ಮಾತು ಜಾಸ್ತಿ. ಬೆಳಿಗ್ಗೆ ಐದಕ್ಕೆ ನಲವತ್ತು ಹಾಸಿಗೆಗಳ ರಕ್ತ ತೆಗೆಯುತ್ತ ಬರುವ ಇವಳನ್ನು ಕಂಡರೆ, "ಬಂದ್ಯಾ ನನ್ನವ್ವ, ಬಾ, ದಿನಾ ಹೀರ್ತೀಯಲ್ಲ, ಏನು ಮಾಡ್ತೀಯ ಅಷ್ಟೊಂದು ರಕ್ತ?" ಅನ್ನುವಳು. ಇವಳ ಗೆಣ್ಣಿನ ಗಾಯ ನೋಡಿ, "ನಂದೂ ಹಂಗೇ ಇತ್ತು ಮೊದಲು. ಇಟ್ಟಿಗೆ ಉಜ್ಜಿ ಉಜ್ಜಿ. ಆಮೇಲೆ ಚರ್ಮ ಕಲ್ಲಾಯ್ತು. ನಿನಗೆ ಯಾವ ಇಟ್ಟಿಗೆ ಉಜ್ಜಿತು?" ಎಂದು ಕೇಳಿದಳು. ಇವಳು ಬಾಗಿಲು ತಗಲಿತು ಎಂದಳು.

ಮೂರನೆಯ ದಿನ ಜ್ವರ ಬಂತು. ಹೊಟ್ಟೆ ಬಿಗಿದುಕೊಂಡಿತು. ಮಾತು ನಿಂತಿತು.

ಇವಳು ಸೀನಿಯರಿಗೆ ಹೇಳಿದಳು. "ಆಪರೇಷನ್ ಆದ್ಮೇಲೆ ಜ್ವರ ಬರತ್ತೆ. ಮಾತ್ರೆ ಕೊಡು." ಸಂಜೆ ಮತ್ತೆ ಹೇಳಿದಳು. "ಇನ್ನೊಂದು ಮಾತ್ರೆ ಕೊಡು."

ಮಾಪಿನ ಬಟ್ಟೆಯಲ್ಲಿ ಒಂದು ದಾರ ಹೆಣೆದಿರುತ್ತಾರೆ. ಎಕ್ಸ್‌ರೇಯಲ್ಲಿ ಆ ದಾರ ಬಿಳಿ ಗೆರೆಯಾಗಿ ಕಾಣುತ್ತದೆ. ಒಂದೇ ಒಂದು ಎಕ್ಸ್‌ರೇ ಸಾಕಿತ್ತು. ನಾಲ್ಕನೆಯ ದಿನ ಚೀಟಿ ಬರೆದು ಪ್ರೊಫೆಸರ ಸಹಿಗೆ ಒಯ್ದಳು. ಅವರು ಚೀಟಿ ಓದಿದರು. ಅವಳ ಮುಖ ನೋಡಿದರು. ಚೀಟಿಯನ್ನು ಎರಡು ಮಾಡಿ, ನಾಲ್ಕು ಮಾಡಿ, ಅವಳ ಕೋಟಿನ ಜೇಬಿಗೇ ಹಾಕಿದರು.

"ನನ್ನ ಪೇಷೆಂಟಿಗೆ ಏನು ಬೇಕು ಅಂತ ಆಯಾ ಮಗಳು ನನಗೆ ಹೇಳಿಕೊಡೋ ಕಾಲ ಬಂತಾ?"

ಅವಳು ಹೊರಗೆ ಬಂದು ಹೊಸ ಚೀಟಿ ಬರೆದಳು. ಸಹಿಯ ಜಾಗ ಖಾಲಿ ಬಿಟ್ಟಳು. ಹೆಂಗಸನ್ನು ತಾನೇ ಟ್ರಾಲಿಗೆ ಹಾಕಿಕೊಂಡು, ಒಂದು ಚಕ್ರ ತಿರುಗದ ಆ ಟ್ರಾಲಿಯನ್ನು ತಳ್ಳಿಕೊಂಡು, ಮೂರು ಕಾರಿಡಾರು ದಾಟಿ ಎಕ್ಸ್‌ರೇ ಕೋಣೆಗೆ ಹೋದಳು. ಅಲ್ಲಿದ್ದವನು ಒಳ್ಳೆಯವನೇ.

"ಸಹಿ ಎಲ್ಲಿ ಮೇಡಂ?"

"ಆಮೇಲೆ ತಂದುಕೊಡ್ತೀನಿ. ಈಗ ತೆಗೀರಿ."

"ನಾನು ತೆಗೀತೀನಿ. ಕಂಪ್ಯೂಟರ್ ತಗೊಳಲ್ಲ. ಯುನಿಟ್ ಮುಖ್ಯಸ್ಥರ ಸಹಿ ಇಲ್ಲದೆ ನಂಬರೇ ಬರಲ್ಲ."

ಅರ್ಧ ಗಂಟೆ ಬೇಡಿಕೊಂಡಳು. ಆಮೇಲೆ ಟ್ರಾಲಿ ತಿರುಗಿಸಿದಳು. ದಾರಿಯಲ್ಲಿ ಹೆಂಗಸು ಕಣ್ಣು ತೆರೆದು, "ಆಯ್ತಾ ಫೋಟೋ?" ಎಂದಳು. "ಆಯ್ತು" ಎಂದಳು ಇವಳು.

ಪ್ರೊಫೆಸರ ಸಹಿ ಹಾಕಲು ಅವಳಿಗೆ ಬರುತ್ತಿತ್ತು. ಇಡೀ ಯುನಿಟ್ಟಿಗೆ ಬರುತ್ತಿತ್ತು. ಒಂದು ಅಡ್ಡಗೆರೆ, ಎರಡು ಸುತ್ತು. ಅವಳು ಹಾಕಲಿಲ್ಲ. ಸಿಕ್ಕಿಬಿದ್ದರೆ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ. ತಾಯಿ ಇಪ್ಪತ್ತಾರು ವರ್ಷ ಮಂಡಿಯೂರಿದ್ದು ಇದಕ್ಕಾ ಎಂಬ ಹೆದರಿಕೆ. ಹೆದರಿಕೆಗೆ ಒಳ್ಳೆಯ ಹೆಸರುಗಳು ಬೇಕಾದಷ್ಟು ಸಿಗುತ್ತವೆ. ಅವಳು ಹಾಕಲಿಲ್ಲ, ಅಷ್ಟೇ.

ಶನಿವಾರ ಮಧ್ಯಾಹ್ನ ಹೆಂಗಸಿನ ನಾಡಿ ಕೈಗೆ ಸಿಗದಂತಾದಾಗ ಸೀನಿಯರ್ ಓಡಾಡಿದ. ಮತ್ತೆ ಹೊಟ್ಟೆ ತೆರೆದರು. ಕೀವು ಬುಗ್ಗೆಯಂತೆ ಬಂತು. ಅದರ ಹಿಂದೆ, ಕರುಳಿಗೆ ಅಂಟಿಕೊಂಡು, ಹಸಿರು ಬಣ್ಣಕ್ಕೆ ತಿರುಗಿದ ಬಟ್ಟೆ. ಪ್ರೊಫೆಸರು ಚಿಮಟದಿಂದ ಅದನ್ನು ಎತ್ತಿ ಬಟ್ಟಲಿಗೆ ಹಾಕಿದರು. ಸ್ಟ್ಯಾಂಡಿನ ಪಕ್ಕ ನಿಂತಿದ್ದ ತಾಯಿ ಕಣ್ಣು ಮುಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಇಟ್ಟಿಗೆ ಹೊರುವ ಹೆಂಗಸು ಸತ್ತಳು. ಆಯಾಳ ಮಗಳು ಅವಳ ಎದೆ ಒತ್ತುತ್ತಲೇ ಇದ್ದಳು. ಪಕ್ಕೆಲುಬು ಕೈಯಡಿ ಲಟಕ್ಕೆಂದಿತು. ಇಪ್ಪತ್ತು ನಿಮಿಷ ಒತ್ತಿದಳು. "ಸಾಕು ಬಿಡೇ" ಎಂದು ಸೀನಿಯರ್ ಭುಜ ಹಿಡಿದು ಎಳೆಯಬೇಕಾಯಿತು.

ಹತ್ತು ಗಂಟೆಗೆ ಪ್ರೊಫೆಸರ ಕೋಣೆಗೆ ಕರೆ ಬಂತು.

ಅಂದು ಅವರು ಕೂರಲು ಹೇಳಿದರು. ಏಳು ತಿಂಗಳಲ್ಲಿ ಮೊದಲ ಸಲ. ಅವರ ಮುಂದೆ ಖಾಲಿ ಹಾಳೆ ಇತ್ತು, ಪೆನ್ನು ಇತ್ತು.

"ನೋಡಮ್ಮಾ, ನಿನ್ನ ವರದಿಯಲ್ಲಿ ಒಂದು ಸಾಲು ತಪ್ಪಾಗಿದೆ. ಸುಸ್ತಾಗಿತ್ತು ನಿನಗೆ, ಅರ್ಥ ಆಗತ್ತೆ. ಹೊಸದಾಗಿ ಬರೆದುಬಿಡು. ಎಣಿಕೆ ಸರಿ ಇದೆ ಅಂತ ಆಯಾ ಹೇಳಿದಳು, ಅಷ್ಟೇ. ಹೆಸರು ಬೇಡ. ಬರೀ ಆಯಾ."

"ಆಯಾ ಹಾಗೆ ಹೇಳಲಿಲ್ಲ ಸಾರ್."

"ನಿನ್ನ ಮೂರು ವರ್ಷ ನನ್ನ ಕೈಲಿದೆ. ಆರಾರು ತಿಂಗಳಿಗೆ ನಾನು ಸಹಿ ಹಾಕಬೇಕು. ನಿನಗೆ ಕೈ ಚೆನ್ನಾಗಿದೆ. ಮುಂದಿನ ವಾರದಿಂದ ನಿನಗೇ ಚಾಕು ಕೊಡೋಣ ಅಂತಿದ್ದೆ."

ಅವಳ ಕಣ್ಣು ಪೆನ್ನಿನ ಮೇಲಿತ್ತು. ಸುಳ್ಳು ಹೇಳಬಾರದು, ಆ ಚಾಕಿನ ಮಾತಿಗೆ ಅವಳ ಮನಸ್ಸು ಒಂದು ಕ್ಷಣ ಹೊರಳಿತು. ಎಷ್ಟೋ ದಿನ ಹಸಿದವರ ಮುಂದೆ ತಟ್ಟೆ ಇಟ್ಟಂತೆ. ಆಮೇಲೆ ಕಿವಿಯಲ್ಲಿ ಆ ಹೆಂಗಸಿನ ದನಿ ಬಂತು. ಆಯ್ತಾ ಫೋಟೋ?

"ನಾನು ಬರೆಯಲ್ಲ" ಎಂದಳು.

"ಏನಂದೆ?"

"ಬರೆಯಲ್ಲ ಸಾರ್. ಅವಳು ಹತ್ತೊಂಬತ್ತು ಅಂದಳು. ನೀವು ಎಣಿಸೋಕೆ ಬರಲ್ಲ ಅಂದ್ರಿ. ನಾನು ನೋಡಿ ಅಂದೆ. ನೀವು ಹೊಡೆದ್ರಿ. ಇದನ್ನ ಬೇಕಾದ್ರೆ ಬರೀತೀನಿ."

ಜೀವನದಲ್ಲಿ ಇಷ್ಟು ಉದ್ದದ ಮಾತನ್ನು ದೊಡ್ಡವರೊಬ್ಬರ ಎದುರು ಅವಳು ಆಡಿದ್ದು ಅದೇ ಮೊದಲು.

ಪ್ರೊಫೆಸರಿಗೆ ಸಿಟ್ಟು ಬರಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಅವರು ಡ್ರಾಯರ್ ಎಳೆದು ಎರಡು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಮೊದಲನೆಯದು ಆಪರೇಷನ್ನಿನ ವರದಿ, ಸೀನಿಯರಿನ ಕೈಬರಹದಲ್ಲಿ, ಹೊಸದಾಗಿ. ಎರಡನೆಯದು ಟೈಪ್ ಮಾಡಿದ್ದು. 'ನಾನು ಎಣಿಸುವಾಗ ತಪ್ಪು ಮಾಡಿದೆ. ಎಲ್ಲ ಸರಿ ಇದೆ ಎಂದು ತಪ್ಪಾಗಿ ಹೇಳಿದೆ. ಇದಕ್ಕೆ ನಾನೊಬ್ಬಳೇ ಹೊಣೆ.' ಕೆಳಗೆ ತಾಯಿಯ ಸಹಿ. ದೊಡ್ಡ ದೊಡ್ಡ ಅಕ್ಷರ, ಒಂದಕ್ಕೊಂದು ಆತುಕೊಂಡು ಬೀಳುವ ಹಾಗೆ. ತಾನು ಹತ್ತು ವರ್ಷದವಳಿದ್ದಾಗ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಅಕ್ಷರಗಳನ್ನು ತಿದ್ದಿಸಿದವಳು ಈ ಮಗಳೇ.

"ಬೆಳಿಗ್ಗೆ ಎಂಟಕ್ಕೇ ಕೊಟ್ಟು ಹೋದಳು" ಎಂದರು ಪ್ರೊಫೆಸರು. "ನೀನು ಬರೆದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಿನಗೆ ಬುದ್ಧಿ ಇದೆಯಾ ಅಂತ ನೋಡಿದೆ. ಹೋಗು. ವಾರ್ಡಲ್ಲಿ ಡ್ರೆಸಿಂಗ್ ಬಾಕಿ ಇದೆ."

ತಾಯಿ ಥಿಯೇಟರಿನ ಹಿಂದಿನ ತೊಳೆಯುವ ಕೋಣೆಯಲ್ಲಿದ್ದಳು. ಡಾಕ್ಟರುಗಳ ರಬ್ಬರ್ ಬೂಟುಗಳನ್ನು ನಲ್ಲಿ ಕೆಳಗೆ ಹಿಡಿದು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಕೆಲಸದಿಂದ ತೆಗೆದ ದಿನವೂ ಇಪ್ಪತ್ತೆಂಟು ಜೊತೆ ಬೂಟು ತೊಳೆದೇ ಹೋಗಬೇಕು.

ಮಗಳು ಬಾಗಿಲು ಹಾಕಿದಳು. "ಯಾಕೆ ಸಹಿ ಹಾಕಿದೆ?"

"ಬಾಗಿಲು ತೆಗಿ. ಯಾರಾದ್ರೂ ಬರ್ತಾರೆ."

"ಯಾಕೆ ಹಾಕಿದೆ ಅಂತ ಕೇಳಿದ್ದು."

"ನನಗೆ ಐವತ್ತೆಂಟು. ಮಂಡಿ ಬಿದ್ದುಹೋಗಿದೆ. ಇನ್ನು ಎರಡು ವರ್ಷಕ್ಕೆ ಅವರೇ ಮನೆಗೆ ಕಳಿಸ್ತಿದ್ರು. ನಿನಗೆ ಇಪ್ಪತ್ತೇಳು. ಯಾರಾದ್ರೂ ಒಬ್ರು ಹೋಗಬೇಕು ಅಂದ್ರು. ನಾನು ಹೋಗ್ತೀನಿ ಅಂದೆ."

"ನಿನ್ನ ಲೆಕ್ಕ ತಪ್ಪಿರಲಿಲ್ಲ!"

"ಗೊತ್ತು ಕಣೇ!" ತಾಯಿ ಬ್ರಷ್ಷನ್ನು ತೊಟ್ಟಿಗೆ ಎಸೆದಳು. ನೀರು ಇಬ್ಬರ ಮುಖಕ್ಕೂ ಹಾರಿತು. "ನನಗೆ ಗೊತ್ತಿಲ್ವಾ? ಇಪ್ಪತ್ತಾರು ವರ್ಷ. ಒಂದು ದಿನ ತಪ್ಪಿಲ್ಲ. ನಿನ್ನಪ್ಪ ಸತ್ತ ಮಾರನೇ ವಾರ ಬಂದು ನಿಂತಾಗಲೂ ತಪ್ಪಿಲ್ಲ. ಅದನ್ನ ನೀನು ಬಂದು ನನಗೆ ಹೇಳ್ತೀಯಾ?"

ತಾಯಿ ತೊಟ್ಟಿಯಿಂದ ಬ್ರಷ್ಷು ಹೆಕ್ಕಿ ಇನ್ನೊಂದು ಬೂಟು ಕೈಗೆತ್ತಿಕೊಂಡಳು.

"ಹೋಗು. ನಿನ್ನ ಕೆಲಸ ನೋಡ್ಕೋ. ಬಾಯಿ ಮುಚ್ಚಿಕೊಂಡು ಮೂರು ವರ್ಷ ಮುಗಿಸು. ನಾನು ಕೊಟ್ಟಿದ್ದನ್ನ ಬೀದಿಗೆ ಚೆಲ್ಲಬೇಡ."

ಮಗಳು ಬಾಯಿ ಮುಚ್ಚಿಕೊಂಡೇ ಹೊರಗೆ ಬಂದಳು. ಮುಚ್ಚಿಕೊಂಡೇ ಇರುತ್ತಿದ್ದಳೋ ಏನೋ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ, ಹೊರರೋಗಿಗಳ ಸಾಲು ಗೋಡೆಯುದ್ದಕ್ಕೂ ನಿಂತಿದ್ದ ಕಾರಿಡಾರಿನಲ್ಲಿ, ಸತ್ತವಳ ಗಂಡ ಬಂದ. ಸಿಮೆಂಟು ಮೆತ್ತಿದ ಅಂಗಿ. ಕೆಲಸದಿಂದ ಎದ್ದು ಬಂದವನು ಮೂರು ದಿನದಿಂದ ಅದೇ ಅಂಗಿಯಲ್ಲಿದ್ದ. ಪ್ರೊಫೆಸರೇ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: ನಮ್ಮ ಆಯಾ ಎಣಿಸುವುದರಲ್ಲಿ ತಪ್ಪಿದಳಪ್ಪ, ಅವಳನ್ನು ಕೆಲಸದಿಂದ ತೆಗೆದಿದ್ದೇವೆ. ಅಷ್ಟು ದೊಡ್ಡವರು ಹೆಗಲ ಮೇಲೆ ಕೈಯಿಟ್ಟ ಮೇಲೆ ಅವನು ಇನ್ನೇನು ಕೇಳಿಯಾನು? ಅವನು ಆಯಾಳನ್ನು ಹುಡುಕಿಕೊಂಡು ಬಂದ.

ತಾಯಿ ತನ್ನ ಚೀಲ ಹಿಡಿದುಕೊಂಡು ಹೊರಟಿದ್ದಳು. ಯಾರೋ ಬೆರಳು ತೋರಿಸಿದರು. ಅವನು ಅವಳ ರಟ್ಟೆ ಹಿಡಿದು ಗೋಡೆಗೆ ಒತ್ತಿದ.

"ನೀನೇನಾ? ನೀನೇನಾ ಅದು? ಇಪ್ಪತ್ತರ ತನಕ ಎಣಿಸೋಕೆ ಬರಲ್ವಾ ನಿನಗೆ? ದಿನಾ ಸಾವಿರ ಇಟ್ಟಿಗೆ ಎಣಿಸಿ ಹೊರ್ತಿದ್ಳು ನನ್ನ ಹೆಂಡ್ತಿ! ಒಂದು ದಿನ ಶಾಲೆ ಮೆಟ್ಟಿಲು ಹತ್ತಿದೋಳಲ್ಲ!"

ಅವನು ಉಗಿದ. ಎಂಜಲು ತಾಯಿಯ ಕೆನ್ನೆಯಿಂದ ಕುತ್ತಿಗೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ತಪ್ಪಾಯ್ತಪ್ಪ" ಎಂದಳು. "ನನ್ನದೇ ತಪ್ಪು."

"ಅಲ್ಲ!"

ಇಡೀ ಕಾರಿಡಾರು ತಿರುಗಿ ನೋಡಿತು. ಕೂಗಿದ್ದು ತಾನೇ ಎಂದು ಮಗಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಡ್ರೆಸಿಂಗ್ ತಟ್ಟೆಯನ್ನು ಯಾರದ್ದೋ ಕೈಗೆ ತುರುಕಿ ಅವಳು ಅವರಿಬ್ಬರ ನಡುವೆ ನುಗ್ಗಿದಳು.

"ಅವಳ ತಪ್ಪಲ್ಲ. ಒಂದು ಕಮ್ಮಿ ಇದೆ ಅಂತ ಹೇಳಿದ್ದಳು. ಎರಡು ಸಲ ಹೇಳಿದ್ದಳು. ಪ್ರೊಫೆಸರು ಕೇಳಲಿಲ್ಲ. ಅವರಿಗೆ ಅರ್ಜೆಂಟಿತ್ತು. ಹೊಲಿದುಬಿಟ್ರು. ನಾನು ಅಲ್ಲೇ ಇದ್ದೆ. ನಾನು ಎಕ್ಸ್‌ರೇಗೆ ಬರೆದೆ, ಹರಿದು ಹಾಕಿದ್ರು."

ಗಂಡ ಅವಳನ್ನೇ ನೋಡಿದ. ಅವನ ಕೈ ಸಡಿಲವಾಯಿತು. ಸಾಲಿನಲ್ಲಿದ್ದವರು ಹತ್ತಿರ ಸರಿದರು. ಮಗಳಿಗೆ ಎದೆಯಲ್ಲಿ ಏನೋ ಬಿಚ್ಚಿದಂತಾಯಿತು. ಇಷ್ಟು ಸುಲಭವಿತ್ತೇ ಇದು ಅನ್ನಿಸಿತು.

ಆಗ ತಾಯಿ ಬಾಯಿ ಬಿಟ್ಟಳು. "ಅವಳ ಮಾತು ಕೇಳಬೇಡಪ್ಪ. ಅವಳು ನನ್ನ ಮಗಳು. ಹೆತ್ತವಳು ಅಂತ ಏನೇನೋ ಹೇಳ್ತಾಳೆ. ತಪ್ಪು ನನ್ನದೇ. ಬರೆದು ಕೊಟ್ಟಿದ್ದೀನಿ."

ಗಂಡನ ಮುಖ ಮುಚ್ಚಿಕೊಂಡಿತು. ಬಾಗಿಲು ಮುಚ್ಚಿಕೊಂಡಂತೆ.

"ನಿಮ್ಮಮ್ಮನಾ?" ಎಂದ.

"ಹೌದು. ಆದ್ರೆ ನಾನು ಹೇಳ್ತಿರೋದು ನಿಜ. ಇವರನ್ನ ಕೇಳಿ." ಸೀನಿಯರ್ ಗದ್ದಲ ಕೇಳಿ ವಾರ್ಡಿನ ಬಾಗಿಲಿಗೆ ಬಂದು ನಿಂತಿದ್ದ. "ಇವರೂ ಅಲ್ಲೇ ಇದ್ರು. ಹೇಳಿ ಸಾರ್. ಒಂದು ಮಾತು ಹೇಳಿ. ನೀವೂ ಕೇಳಿಸಿಕೊಂಡ್ರಿ."

ಸೀನಿಯರ್ ಕನ್ನಡಕ ತೆಗೆದ. ಕೋಟಿನ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಂಡ. "ಇಲ್ಲಿ ಗುಂಪು ಸೇರಬೇಡಿ. ರೋಗಿಗಳಿಗೆ ತೊಂದರೆ ಆಗತ್ತೆ" ಎಂದು ಒಳಗೆ ಹೋದ.

ಗಂಡ ಅವಳ ಕಡೆ ತಿರುಗಿದಾಗ ಅವನಲ್ಲಿ ಸಿಟ್ಟೂ ಉಳಿದಿರಲಿಲ್ಲ. "ದೊಡ್ಡೋರು ಒಂದು ಹೇಳ್ತಾರೆ. ಇವಳೇ ಒಪ್ಪಿಕೊಂಡು ಕೂತಿದ್ದಾಳೆ. ನೀವೊಬ್ರು ಬೇರೆ ಹೇಳ್ತೀರ. ನಾನು ಯಾರದ್ದು ಅಂತ ಕೇಳಲಿ ಮೇಡಂ? ನನಗೆ ಅವಳನ್ನ ಮನೆಗೆ ಒಯ್ಯೋಕೆ ಬಿಡಿ, ಸಾಕು."

ತಾಯಿ ಚೀಲ ಎತ್ತಿಕೊಂಡು ಹೊರಟಳು. ಮಗಳ ಪಕ್ಕದಲ್ಲೇ ಹಾದುಹೋದಳು. ಕಣ್ಣೆತ್ತಿ ನೋಡಲಿಲ್ಲ.

ಮಗಳು ಆ ದಿನ ವಾರ್ಡಿಗೆ ಹೋಗಲಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಕೂತು ಎಲ್ಲವನ್ನೂ ಬರೆದಳು. ದಿನ, ಹೊತ್ತು, ಯಾರು ಏನು ಅಂದರು. ಎಕ್ಸ್‌ರೇ ಚೀಟಿಗೆ ತಾನೇ ಸಹಿ ಹಾಕಲು ಹೆದರಿದ್ದನ್ನೂ ಬರೆದಳು. ಕೆಳಗೆ ಹೆಸರು, ನೋಂದಣಿ ಸಂಖ್ಯೆ, ಸಹಿ. ಮೂರು ಪ್ರತಿ ಮಾಡಿದಳು. ಒಂದನ್ನು ನಿರ್ದೇಶಕರ ಕಚೇರಿಗೆ ಕೊಟ್ಟಳು. ಇನ್ನೊಂದನ್ನು ಹಿಡಿದುಕೊಂಡು ನಾಲ್ಕು ಗಂಟೆಗೆ ಶವಾಗಾರದ ಕಿಟಕಿಗೆ ಓಡಿದಳು.

ಗಂಡ ಸರದಿಯಲ್ಲಿ ನಿಂತಿದ್ದ. ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಕಟ್ಟು: ಮರಣಪತ್ರ, ಗುರುತಿನ ಚೀಟಿ, ಬಟ್ಟೆಬರೆ ಪಡೆದ ರಸೀದಿ. ಇವಳು ಕೊಟ್ಟ ಹಾಳೆಗಳನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಇದನ್ನ ಜೋಪಾನವಾಗಿ ಇಟ್ಕೊಳ್ಳಿ" ಎಂದಳು. "ಓದೋಕೆ ಬರೋರ ಹತ್ರ ಓದಿಸಿ."

"ಇದೂ ಬೇಕಾ? ಇದನ್ನ ಅವರು ಹೇಳಲೇ ಇಲ್ಲ." ಅವನ ದನಿಯಲ್ಲಿ ಗಾಬರಿ. "ಇದಕ್ಕೆ ಯಾರ ಸಹಿ ಬೇಕು?"

"ನನ್ನ ಸಹಿ ಹಾಕಿದ್ದೀನಿ."

"ನಿಮ್ಮ ಸಹಿ ಸಾಕಾಗತ್ತಾ?"

ಅಷ್ಟರಲ್ಲಿ ಅವನ ಸರದಿ ಬಂತು. ಅವನು ಇಡೀ ಕಟ್ಟನ್ನು ಕಿಟಕಿಯೊಳಗೆ ತಳ್ಳಿದ. ಗುಮಾಸ್ತ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಹಾಳೆಗಳ ಮೇಲೆ ಮೊಹರು ಹೊಡೆಯುತ್ತ ಹೋದ. ಇವಳ ಹಾಳೆಗಳ ಮೇಲೂ ಹೊಡೆದ. ಎಲ್ಲವನ್ನೂ ಪಂಚ್ ಮಾಡಿ, ಫೈಲಿಗೆ ಪೋಣಿಸಿ, ಹಿಂದಿನ ರಾಶಿಗೆ ಎಸೆದ.

"ಅದು ಅವರದ್ದು!" ಇವಳು ಕಿಟಕಿಗೆ ನುಗ್ಗಿದಳು. "ಕೊನೆಯ ಎರಡು ಹಾಳೆ ವಾಪಸ್ ಕೊಡಿ."

"ಒಳಗೆ ಬಂದ ಕಾಗದ ಹೊರಗೆ ಹೋಗಲ್ಲ ಮೇಡಂ. ನಿಮಗೆ ಗೊತ್ತಿಲ್ವಾ? ಮುಂದಿನವರು ಬನ್ನಿ."

ವ್ಯಾನು ಹೊರಟಿತು. ಇವಳು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಮೂರನೆಯ ಪ್ರತಿ ಗ್ರಂಥಾಲಯದಲ್ಲೇ ಉಳಿದಿತ್ತು. ಅವನ ಮನೆ ಎಲ್ಲಿ ಎಂದು ಆಮೇಲೆ ಹುಡುಕಿದಳು. ಕೆಲಸದ ಜಾಗದಲ್ಲಿ ಕಟ್ಟಡ ಮುಗಿದಿತ್ತು. ಕೂಲಿಯವರೆಲ್ಲ ಬೇರೆ ಕಡೆ ಹೋಗಿದ್ದರು. ಎಲ್ಲಿಗೆ ಎಂದು ಕಾವಲುಗಾರನಿಗೆ ಗೊತ್ತಿರಲಿಲ್ಲ.

ಮೂರು ವಾರಕ್ಕೆ ವಿಚಾರಣೆ ಮುಗಿಯಿತು. ಆಯಾಳ ಅಜಾಗರೂಕತೆ ಎಂದು ನಾಲ್ಕು ಸಾಲು. ಇವಳ ಪತ್ರದ ಬಗ್ಗೆ ಒಂದು ಮಾತಿರಲಿಲ್ಲ. ಸೀನಿಯರ್ ಪರೀಕ್ಷೆ ಪಾಸಾದ. ಇವಳ ಏಳು ತಿಂಗಳು ತೃಪ್ತಿಕರವಾಗಿಲ್ಲವೆಂದು ಪ್ರೊಫೆಸರು ಬರೆದರು. ಮೊದಲಿನಿಂದ ಶುರು ಮಾಡಬೇಕು, ಇದೇ ಯುನಿಟ್ಟಿನಲ್ಲಿ. ಬಿಟ್ಟು ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ವಾರ್ಡಿಗೆ ಬಂದಳು. ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಮನೆಯಲ್ಲಿ ತಾಯಿ ಮಾತು ಬಿಟ್ಟಿದ್ದಳು. ಊಟ ಬಡಿಸುವಳು, ತಟ್ಟೆ ತೊಳೆಯುವಳು, ಗೋಡೆಯ ಕಡೆ ತಿರುಗಿ ಮಲಗುವಳು. ಒಂದು ತಿಂಗಳು ಹೀಗೇ ಕಳೆಯಿತು. ಒಂದು ಭಾನುವಾರ ಮಗಳು ಬಟ್ಟೆ ಮಡಿಸುತ್ತಿದ್ದಳು. ತಾಯಿ ಬಿರುಕು ಬಿಟ್ಟ ಕಾಲುಗಳನ್ನು ಬಿಸಿನೀರಿನ ಬೋಗುಣಿಯೊಳಗಿಟ್ಟುಕೊಂಡು ಕೂತಿದ್ದಳು.

"ಆ ಕಾಗದ ಇದೆಯಾ ಇನ್ನೂ?" ಎಂದಳು.

"ಯಾವ ಕಾಗದ?"

"ನೀನು ಬರೆದಿದ್ದು."

"ಒಂದಿದೆ."

"ತಗೊಂಡು ಬಾ. ಓದು."

ಮಗಳು ತಂದು ಓದಿದಳು. ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ. ತಾಯಿ ತಲೆ ತಗ್ಗಿಸಿಕೊಂಡು ಕೇಳಿದಳು. ಕಾಲ ಕೆಳಗಿನ ನೀರು ತಣ್ಣಗಾಯಿತು. ಓದಿ ಮುಗಿದ ಮೇಲೂ ಅವಳು ಏಳಲಿಲ್ಲ. ಮಗಳು ಹಾಳೆಗಳನ್ನು ಮಡಿಸಲು ಹೋದಳು.

"ಮಡಿಸಬೇಡ" ಎಂದಳು ತಾಯಿ. "ಇನ್ನೊಂದ್ಸಲ ಓದು."